ಓದಿನ ನಡುವಿನ ಮಾತು

ಓದುವುದು ಒಬ್ಬರೇ ಮೌನವಾಗಿ ಮಾಡುವ ಕೆಲಸವೆಂಬ ಭಾವನೆ ಕನ್ನಡ ನಾಡಿನ ಮಟ್ಟಿಗೆ ಬಹಳ ಹಳೆಯದಲ್ಲ. ಮುದ್ರಣ ಬರುವ ಮುನ್ನ, ಬಂದ ಮೇಲೂ ಬಹುಕಾಲ, ಕಾವ್ಯವು ಹೆಚ್ಚಿನವರನ್ನು ಕಿವಿಯ ಮೂಲಕವೇ ತಲುಪುತ್ತಿದ್ದುದರಿಂದ, ಯಾರ ಮನೆಯಲ್ಲಿ ಏನು ಓದುತ್ತಿದ್ದಾರೆ, ಕಥೆ ಎಲ್ಲಿಯವರೆಗೆ ಬಂದಿದೆ ಎಂಬುದು ನೆರೆಹೊರೆಗೆ ಕೇಳದೆಯೇ ತಿಳಿದಿರುತ್ತಿತ್ತು.

ಈ ಬಗೆಯ ಓದಿಗೆ ಗಮಕವೆಂದು ಹೆಸರು. ಅರ್ಥ ಕೆಡದಂತೆ ಪದಗಳನ್ನು ಬಿಡಿಸಿ, ಸಂದರ್ಭದ ಭಾವಕ್ಕೊಪ್ಪುವ ರಾಗದಲ್ಲಿ, ಆದರೆ ತಾಳದ ಕಟ್ಟಿಗೆ ಸಿಲುಕದೆ ಕಾವ್ಯವನ್ನು ಓದುವವನು ಗಮಕಿ ಅಥವಾ ವಾಚಕ. ಪಕ್ಕದಲ್ಲಿ ಕುಳಿತು ಪದ್ಯಗಳ ಸ್ವಾರಸ್ಯವನ್ನು ವಿವರಿಸುವವನು ವ್ಯಾಖ್ಯಾನಕಾರ. ಹೀಗೆ ಓದಲು ಷಟ್ಪದಿಗಳು, ಅಂದರೆ ಆರು ಸಾಲಿನ ಪದ್ಯಗಳು, ವಿಶೇಷವಾಗಿ ಒದಗಿಬಂದವು. ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವುಗಳಿಗಿಂತ ಉದ್ದವಾಗಿರುವುದರಿಂದ, ವಾಚಕನು ದನಿಯನ್ನು ಎಳೆದು ನಿಲ್ಲಲು ಪ್ರತಿ ಪದ್ಯದಲ್ಲೂ ಎರಡು ತಾಣಗಳು ಸಿಗುತ್ತವೆ. ಹತ್ತು ಪರ್ವಗಳ ಅವನ ಭಾರತವಾಗಲಿ, ಲಕ್ಷ್ಮೀಶನ ಜೈಮಿನಿ ಭಾರತವಾಗಲಿ ಒಂದೆರಡು ಸಂಜೆಗಳಲ್ಲಿ ಮುಗಿಯುವ ಕಾವ್ಯಗಳಲ್ಲ. ಇಂದಿನ ಭಾಗಕ್ಕೂ ನಾಳಿನ ಭಾಗಕ್ಕೂ ನಡುವೆ ಉಳಿಯುವ ಹಗಲಿನಲ್ಲಿ, ಅಕ್ಷರ ಬಾರದವರೂ ಸೇರಿ, ಕೇಳಿದ್ದನ್ನು ಮೆಲುಕು ಹಾಕಲು ಅವಕಾಶವಿತ್ತು. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವ ರೂಢಿಯಂತೂ ಓದನ್ನು ಊರಿನ ಹೊಣೆಯನ್ನಾಗಿಯೇ ಮಾಡಿತ್ತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆ ಇಂದಿಗೂ ಜೀವಂತವಾಗಿದ್ದು, ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಕಾದಂಬರಿಯ ಕಾಲದಲ್ಲಿ ಇದೇ ಕೆಲಸವನ್ನು, ಬೇರೆ ರೀತಿಯಲ್ಲಿ, ವಾರಪತ್ರಿಕೆಗಳು ಮಾಡಿದವು. 1965ರಲ್ಲಿ ಆರಂಭವಾದ ‘ಸುಧಾ’ದಂಥ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ, ಎಂದರೆ ವಾರಕ್ಕೊಂದು ಕಂತಾಗಿ, ಪ್ರಕಟವಾಗುವ ಕಾದಂಬರಿಯಲ್ಲಿ ಎಷ್ಟೇ ಆತುರವಿರುವ ಓದುಗನೂ ಮುಂದಕ್ಕೆ ಓಡಲಾರನಾದ್ದರಿಂದ, ಬೀದರಿನವರೂ ಮೈಸೂರಿನವರೂ ಕಥೆಯ ಒಂದೇ ತಿರುವಿನಲ್ಲಿ ಕಾದು ನಿಲ್ಲಬೇಕಾಗುತ್ತಿತ್ತು. ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿ, ಎಂದರೆ ಅಲ್ಪ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ, ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರ ಕೃತಿಗಳನ್ನು ಮನೆಮನೆಗೆ ದಾಟಿಸಿತು. ಹಲವು ಕೈ ಬದಲಿಸಿದ ಆ ಪ್ರತಿಗಳ ಅಂಚಿನಲ್ಲಿ ಹಿಂದಿನ ಓದುಗರು ಗೀಚಿಟ್ಟ ಹೊಗಳಿಕೆ, ತೆಗಳಿಕೆ ಮುಂದಿನವರಿಗೆ ಪುಕ್ಕಟೆ ವಿಮರ್ಶೆಯಾಗಿ ಒದಗುತ್ತಿದ್ದವು. ಮಹಿಳೆಯರು ಬರೆದ, ಮಹಿಳೆಯರೇ ಹೆಚ್ಚಾಗಿ ಓದಿದ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯವೆಂದು ಜರೆದವರು, ಆ ಅಡುಗೆಮನೆಗಳಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಮುಂಗಡ ಚಂದಾ ಪಡೆದು ಪುಸ್ತಕ ಕಳುಹಿಸುವ ಏರ್ಪಾಡಿನಿಂದ ಇನ್ನೊಂದು ಬಗೆಯ ಓದುಗ ಬಳಗವನ್ನು ಕಟ್ಟಿತು.

ಇಂದು ಪುಸ್ತಕದ ಮುಖಪುಟವನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವುದೂ, ವರ್ಷದ ಕೊನೆಗೆ ಓದಿದ ಕೃತಿಗಳ ಪಟ್ಟಿ ಪ್ರಕಟಿಸುವುದೂ ಸಾಮಾನ್ಯವಾಗಿದೆ. ಒಳ್ಳೆಯ ಪುಸ್ತಕದ ಸುಳಿವು ಇಂಥ ಪಟ್ಟಿಗಳಿಂದ ಸಿಗುವುದು ನಿಜವಾದರೂ, ಅವು ಓದಿ ಮುಗಿದ ಮೇಲಿನ ವರದಿಗಳು. ಗಮಕದ ಕೇಳುಗರೂ ಧಾರಾವಾಹಿಯ ಓದುಗರೂ ಆಡುತ್ತಿದ್ದುದು ಇನ್ನೂ ಮುಗಿಯದ ಪುಸ್ತಕದ ಮಾತು, ಆದ್ದರಿಂದಲೇ ಅದರಲ್ಲಿ ಊಹೆಗೂ ಜಗಳಕ್ಕೂ ಎಡೆಯಿತ್ತು. ವಾರಕ್ಕೆ ಇಷ್ಟೇ ಅಧ್ಯಾಯವೆಂದು ಗೊತ್ತುಮಾಡಿಕೊಂಡು, ಅದರಾಚೆಗಿನ ಕಥೆಯನ್ನು ಯಾರೂ ಬಾಯಿಬಿಡಕೂಡದೆಂಬ ಕಟ್ಟಳೆಯೊಡನೆ ದಪ್ಪ ಕಾದಂಬರಿಗಳನ್ನು ಒಟ್ಟಿಗೆ ಓದುವ ಬಳಗಗಳು, ವಾರಪತ್ರಿಕೆಯು ಬಲವಂತವಾಗಿ ಹೇರುತ್ತಿದ್ದ ಕಾಯುವಿಕೆಯನ್ನು ತಾವಾಗಿಯೇ ಒಪ್ಪಿಕೊಂಡಿವೆ.