ದಡಾರದ ಲಸಿಕೆಗೆ ಒಂಬತ್ತು ತಿಂಗಳು ಏಕೆ?
“ಬೇರೆ ಚುಚ್ಚುಮದ್ದೆಲ್ಲ ಬೇಗ ಹಾಕ್ತಾರೆ, ದಡಾರದ್ದಕ್ಕೆ ಮಾತ್ರ 9 ತಿಂಗಳು ಕಾಯಬೇಕೇಕೆ?” ಎಂದು ನೀವೂ ಕೇಳಿರಬಹುದು. ದಡಾರ ಬಂದುಹೋದ ಇಲ್ಲವೇ ಲಸಿಕೆಯಾದ ತಾಯಿಯ ರಕ್ತದಲ್ಲಿನ ರೋಗನಿರೋಧಕ ವಸ್ತು ಗರ್ಭದಲ್ಲೇ ಮಗುವಿಗೆ ಇಳಿದಿರುತ್ತದೆ. ಕೆಲವು ತಿಂಗಳು ಅದೇ ಕಾವಲು. ಆದರೆ ಬೇಗ ಹಾಕಿದ ಲಸಿಕೆಯನ್ನೂ ಅದು ಕೆಡಿಸಿಬಿಡುತ್ತದೆ! ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್. ಅದು ಮಗುವಿನ ಮೈಯಲ್ಲಿ ಒಂದಿಷ್ಟು ಬೆಳೆದರೇನೇ ಮೈ ಪಾಠ ಕಲಿಯುವುದು. ತಾಯಿಯ ಕಾವಲು ಕರಗಿದ ಮೇಲೆ, 9ರಿಂದ 12 ತಿಂಗಳಲ್ಲಿ, ಮೊದಲ ಡೋಸು. ಆಗಲೂ ನೂರಕ್ಕೆ ಸುಮಾರು 15 ಮಕ್ಕಳಿಗೆ ಅದು ಹತ್ತುವುದಿಲ್ಲ. ಅದಕ್ಕೇ 16ರಿಂದ 24 ತಿಂಗಳಲ್ಲಿ ಎರಡನೆಯದು. “ಒಂದು ಆಯ್ತಲ್ಲ, ಸಾಕು” ಅಂತ ನಾವು ಬಿಟ್ಟುಬಿಡೋದು ಇಲ್ಲೇ. ಟ್ರಂಕಿನಲ್ಲಿರುವ ತಾಯಿ ಕಾರ್ಡು ತೆಗೆದು ನೋಡಿ. ತಪ್ಪಿದ್ದರೆ 5 ವರ್ಷದವರೆಗೂ ಹಾಕ್ತಾರೆ.