ಅಟ್ಟದಿಂದ ಇಳಿಯದ ರಾಜ-ರಾಣಿ

ಮೈಸೂರು: ದಸರಾ ಅಂದರೆ ಜಂಬೂಸವಾರಿಯೊಂದೇ ಅಲ್ಲ. ಪಾಡ್ಯ ಬಂತೆಂದರೆ ಹಳೇ ಮನೆಗಳಲ್ಲಿ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳಿಗೆ ಅಜ್ಜಿ ಹಳೇ ಜರಿಸೀರೆಯ ತುಂಡು ಉಡಿಸಿ, ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಆರತಿ ಎತ್ತುತ್ತಾರೆ. ಕೆಳಗೆಲ್ಲ ಹುಡುಗರ ಕಾರುಬಾರು! ತಟ್ಟೆ ಮಣ್ಣಿನಲ್ಲಿ ರಾಗಿ ಮೊಳೆತರೆ ಪಾರ್ಕು, ಕನ್ನಡಿ ಚೂರೇ ಕೆರೆ, ಬೆಂಕಿಪೊಟ್ಟಣವೇ ಬಸ್ಸು. ಸಂಜೆ “ಗೊಂಬೆ ಕೂರ್ಸಿದೀರಾ?” ಎನ್ನುತ್ತಾ ಬೀದಿ ಮಕ್ಕಳು ನುಗ್ಗಿ ಗೊಂಬೆ ಬಾಗಿನ ಇಸ್ಕೊಂಡು ಓಡುತ್ತಾರೆ.

ಮಕ್ಕಳು ದೂರದೂರು ಸೇರಿದ ಮನೆಗಳಲ್ಲಿ ಟ್ರಂಕು ಅಟ್ಟದಲ್ಲೇ ಉಳಿದಿದೆ. ಬಾಡಿಗೆ ಮನೇಲಿ ಜಾಗವೆಲ್ಲಿ ಎನ್ನುವವರೂ ಉಂಟು. ಒಂಬತ್ತೇ ಆಗಬೇಕೆಂದು ಯಾರು ಹೇಳಿದರು? ಮೆಟ್ಟಿಲು ಬೆಸವಿದ್ದರಾಯಿತು, 3 ಇದ್ದರೂ ನಡೆಯುತ್ತೆ. ರಾಗಿ ಒಂದು ಹಿಡಿ ಸಾಕು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಚೆಲ್ಲಿಡಬೇಕು, ಅಷ್ಟೆ.