ಹಸ್ತಪ್ರತಿ ಛಾಯಾಗ್ರಹಣದ ಉಪಕರಣಗಳು: ದುರಸ್ತಿಗಾಗಿ ವಿದೇಶಕ್ಕೆ ಕಳುಹಿಸುವ ಕ್ರಮ

ಮೂಡಬಿದಿರೆಯ ಧವಲ, ಜಯಧವಲ, ಮಹಾಧವಲ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ತಮ್ಮ ಸ್ಥಾನವನ್ನು ಬಿಟ್ಟು ಕದಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಮುಂದೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತವಾದ ಷಟ್ಖಂಡಾಗಮವು 1939ರಿಂದ 1958ರವರೆಗೆ ಹದಿನಾರು ಸಂಪುಟಗಳಲ್ಲಿ ಪ್ರಕಟವಾಯಿತೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಗರಿಗಳು ಇದ್ದಲ್ಲಿಯೇ ಇದ್ದವು. ಪಾಠವು ಮಾತ್ರ ಸಂಚರಿಸಿತು. ಹಸ್ತಪ್ರತಿಗಳ ವಿಷಯದಲ್ಲಿ ಇಂದಿಗೂ ಇದೇ ಯುಕ್ತವಾದ ಕ್ರಮ. ಆದರೆ ಲಿಪಿಕಾರನ ಲೇಖನಿಯ ಸ್ಥಾನಕ್ಕೆ ಕ್ಯಾಮೆರಾ ಬಂದಿದೆ. ಲೇಖನಿ ಮುರಿದರೆ ಇನ್ನೊಂದನ್ನು ಕೆತ್ತಿಕೊಳ್ಳಬಹುದಾಗಿತ್ತು. ಕ್ಯಾಮೆರಾ ಕೆಟ್ಟರೆ ಕೆಲವೊಮ್ಮೆ ಅದು ಸಮುದ್ರವನ್ನು ದಾಟಿ ಹೋಗಿ ಬರಬೇಕಾಗುತ್ತದೆ. ಓಲೆಯ ಕಟ್ಟನ್ನು ಬಿಚ್ಚುವಾಗ ತೋರುವ ಎಚ್ಚರಿಕೆಯನ್ನು ಈ ಪ್ರಯಾಣದಲ್ಲಿ ಯಾರೂ ತೋರುವುದಿಲ್ಲವೆಂಬುದೇ ವಿಷಾದದ ಸಂಗತಿ.

ಉದಾಹರಣೆಗೆ ಮಂಡ್ಯ ಸೀಮೆಯ ಹೊಳಲಿನಂಥ ಊರೊಂದನ್ನು ತೆಗೆದುಕೊಳ್ಳಬಹುದು. ಈ ಸೀಮೆಗೆ ಜೈನಸಂಸ್ಕೃತಿಯ ಸಂಬಂಧ ಹಳೆಯದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯೂ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಬಾಹುಬಲಿಯೂ ಇಲ್ಲಿಂದ ಒಂದೇ ದಿನದಲ್ಲಿ ನೋಡಿಬರಬಹುದಾದ ಸ್ಥಳಗಳು. ಇಂಥ ಊರಿನ ಮನೆಯೊಂದರಲ್ಲಿ ಇನ್ನೂರು ಗರಿಗಳ ಕಟ್ಟೊಂದು ದೊರೆತು, ನೂರು ಗರಿಗಳ ಚಿತ್ರಣ ಮುಗಿಯುವಷ್ಟರಲ್ಲಿ ಕ್ಯಾಮೆರಾ ನಿಂತುಹೋಯಿತೆಂದು ಭಾವಿಸಬಹುದು. ಮನೆಯವರು ಒಮ್ಮೆ ಕಟ್ಟನ್ನು ಬಿಚ್ಚಲು ಒಪ್ಪಿದ್ದಾರೆ. ಮತ್ತೊಮ್ಮೆ ಒಪ್ಪುವರೆಂಬ ಭರವಸೆಯಿಲ್ಲ. ಒಪ್ಪಿದರೂ ಜೀರ್ಣವಾದ ಗರಿ ಎರಡನೆಯ ಸಲದ ಸ್ಪರ್ಶವನ್ನು ತಾಳುವುದೋ ಇಲ್ಲವೋ. ಆದುದರಿಂದ ಉಪಕರಣವು ಹೋದಂತೆಯೇ ಹಿಂದಿರುಗುವುದು ಕೇವಲ ಹಣದ ಪ್ರಶ್ನೆಯಲ್ಲ.

ಇಲ್ಲಿ ಉಪಕರಣ ಕೆಡುವುದಕ್ಕೆ ಮುಖ್ಯ ಕಾರಣ ತೇವ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಭತ್ತ, ಕಬ್ಬು ಬೆಳೆಯುವ ಪ್ರದೇಶದಲ್ಲಿ ಮಳೆಗಾಲದ ಗಾಳಿ ಲೆನ್ಸಿನ ಗಾಜುಗಳ ನಡುವೆ ಬೂಷ್ಟನ್ನು ಬೆಳೆಸುತ್ತದೆ. ಅದು ಸ್ರವಿಸುವ ಆಮ್ಲವು ಗಾಜಿನ ಮೇಲಣ ತೆಳುಲೇಪವನ್ನು ಕೊರೆಯುತ್ತದೆ. ಕೊರೆದ ಲೇಪ ಶುದ್ಧೀಕರಣದಿಂದ ಮರಳಿ ಬರುವುದಿಲ್ಲ. ಶೇಕಡ 40ರಿಂದ 50ರ ತೇವಾಂಶದ ಪೆಟ್ಟಿಗೆಯಲ್ಲಿ ಲೆನ್ಸನ್ನು ಇರಿಸುವುದು ಉತ್ತಮ. ಆ ಪೆಟ್ಟಿಗೆಯಲ್ಲಿಯೇ ಓಲೆಗಳನ್ನೂ ಇರಿಸುವ ಅತ್ಯುತ್ಸಾಹ ಬೇಡ. ಅತಿಯಾಗಿ ಒಣಗಿದ ಗರಿ ಮುರಿಯುತ್ತದೆ.

ಎಲ್ಲ ದುರಸ್ತಿಗೂ ವಿದೇಶವೇ ಬೇಕೆಂಬುದು ತಪ್ಪು ಕಲ್ಪನೆ. ಸಾಮಾನ್ಯ ಬಳಕೆಯ ಕ್ಯಾಮೆರಾಗಳನ್ನೂ ಬೂಷ್ಟು ಹಿಡಿದ ಲೆನ್ಸುಗಳನ್ನೂ ಮೊದಲು ಬೆಂಗಳೂರಿನಲ್ಲಿಯೇ ತೋರಿಸಬೇಕು. ಆದರೆ ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್, ಡೆನ್ಮಾರ್ಕಿನ ಫೇಸ್ ಒನ್, ಜರ್ಮನಿಯ ಲೈಕಾ ಮುಂತಾದವುಗಳ ಸೆನ್ಸರ್ ಕೆಟ್ಟಾಗ ತಯಾರಕರ ಕೈಗೇ ಒಪ್ಪಿಸಬೇಕಾದ ಪ್ರಸಂಗ ಬರಬಹುದು.

ಅವಕೆಂಪು ಕಿರಣಗಳಿಂದ ಚಿತ್ರ ತೆಗೆಯಲು ಮಾರ್ಪಡಿಸಿದ ಕ್ಯಾಮೆರಾದ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಉಡುಪಿಯ ಪಲಿಮಾರು ಮಠದ ಸರ್ವಮೂಲಗ್ರಂಥಗಳ ಓಲೆಗಳನ್ನು ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಮತ್ತು ಅವರ ಸಂಗಡಿಗರು 2006ರಲ್ಲಿ ಹೀಗೆಯೇ ಚಿತ್ರಿಸಿದರು. ಸುಮಾರು 26 ಅಂಗುಲ ಉದ್ದ, 2 ಅಂಗುಲ ಅಗಲದ ಆ ಗರಿಗಳು ಹಿಂದೆ ಹಚ್ಚಿದ ಎಣ್ಣೆಯಿಂದಲೂ ಕಾಲದಿಂದಲೂ ಕಂದಿ ಕಪ್ಪಾಗಿದ್ದವು. ಮಸಿಯ ಇಂಗಾಲವು ಅವಕೆಂಪು ಕಿರಣವನ್ನು ಹೀರುತ್ತದೆ, ಕಂದಿದ ಗರಿ ಅದನ್ನು ಪ್ರತಿಫಲಿಸುತ್ತದೆ. ಆದುದರಿಂದ ಬರಿಗಣ್ಣಿಗೆ ಕಾಣದ ಅಕ್ಷರವೂ ಚಿತ್ರದಲ್ಲಿ ಮೂಡುತ್ತದೆ. ಸಾಮಾನ್ಯ ಕ್ಯಾಮೆರಾದ ಸೆನ್ಸರಿನ ಮುಂದೆ ಈ ಕಿರಣವನ್ನು ತಡೆಯುವ ಗಾಜೊಂದಿರುತ್ತದೆ. ಮಾರ್ಪಡಿಸುವಾಗ ಅದನ್ನು ತೆಗೆದಿರುತ್ತಾರೆ. ವಿದೇಶದ ಕುಶಲಕರ್ಮಿ ಇದನ್ನೊಂದು ದೋಷವೆಂದೇ ಬಗೆದು ಆ ಗಾಜನ್ನು ಪುನಃ ಕೂರಿಸಿಬಿಟ್ಟರೆ, ಕ್ಯಾಮೆರಾ ಆರೋಗ್ಯವಾಗಿ ಹಿಂದಿರುಗುತ್ತದೆ, ಆದರೆ ಓಲೆಯ ಅಕ್ಷರಕ್ಕೆ ಕುರುಡಾಗಿರುತ್ತದೆ. ಲಿಪಿಕಾರನೊಬ್ಬನು ಅಪರೂಪದ ಪಾಠವನ್ನು ಪ್ರಮಾದವೆಂದು ತಿಳಿದು ತಿದ್ದಿದಂತೆ ಇದು. ಮಾರ್ಪಾಡಿನ ವಿವರವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಅದನ್ನು ಮುಟ್ಟದೆ ದುರಸ್ತಿ ಮಾಡಲು ಒಪ್ಪುವರೇ ಎಂದು ಕಳುಹಿಸುವ ಮುನ್ನವೇ ಲಿಖಿತ ಉತ್ತರ ಪಡೆಯತಕ್ಕದ್ದು. ಮಾರ್ಪಡಿಸಿದ ಉಪಕರಣವನ್ನು ಕೆಲವು ತಯಾರಕರು ಸ್ವೀಕರಿಸುವುದೇ ಇಲ್ಲ.

ಇನ್ನು ಸುಂಕದ ವಿಚಾರ. ಸಂಸ್ಥೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. 1962ರ ಕಸ್ಟಮ್ಸ್ ಅಧಿನಿಯಮದ 20ನೆಯ ಪ್ರಕರಣದ ಪ್ರಕಾರ, ಭಾರತದಿಂದ ಹೊರಗೆ ಹೋದ ವಸ್ತು ಹಿಂದಿರುಗಿದಾಗ ಹೊಸದಾಗಿ ಬಂದ ವಸ್ತುವಿನಂತೆಯೇ ಸುಂಕಕ್ಕೆ ಒಳಪಡುತ್ತದೆ. ದುರಸ್ತಿಗಾಗಿ ಹೋದ ವಸ್ತುವಿಗೆ ರಿಯಾಯಿತಿ ದೊರೆಯುವುದು ಅಧಿಸೂಚನೆಗಳ ಮೂಲಕ. 1996ರ 94ನೆಯ ಅಧಿಸೂಚನೆಯೂ ಅದರ ಸ್ಥಾನದಲ್ಲಿ 2017ರ ಜೂನ್ 30ರಂದು ಬಂದ 45ನೆಯ ಅಧಿಸೂಚನೆಯೂ ಒಂದೇ ತತ್ತ್ವವನ್ನು ಅನುಸರಿಸಿದವು: ವಸ್ತುವಿನ ಪೂರ್ಣ ಬೆಲೆಯನ್ನು ಗಣಿಸದೆ, ದುರಸ್ತಿಯ ನ್ಯಾಯವಾದ ವೆಚ್ಚ, ಅದಕ್ಕೆ ಬಳಸಿದ ಸಾಮಗ್ರಿ, ಹೋಗಿಬರುವ ಎರಡೂ ಕಡೆಯ ಸಾಗಾಣಿಕೆ ಮತ್ತು ವಿಮೆ, ಇಷ್ಟರ ಮೇಲೆ ಮಾತ್ರ ಸುಂಕ. 2021ರ ತಿದ್ದುಪಡಿಯು ಸಮಗ್ರ ಸರಕು ಮತ್ತು ಸೇವಾ ತೆರಿಗೆಯೂ ಇದೇ ಮೌಲ್ಯದ ಮೇಲೆ ಸಲ್ಲುವುದೆಂದು ಸ್ಪಷ್ಟಪಡಿಸಿತು. ಇಪ್ಪತ್ತು ಲಕ್ಷ ರೂಪಾಯಿಯ ಉಪಕರಣಕ್ಕೆ ದುರಸ್ತಿಗೆ ಎರಡು ಲಕ್ಷ, ಸಾಗಾಣಿಕೆ-ವಿಮೆಗೆ ಅರವತ್ತು ಸಾವಿರ ತಗುಲಿತೆಂದರೆ, ಗಣನೆಗೆ ಬರುವುದು ಎರಡು ಲಕ್ಷದ ಅರವತ್ತು ಸಾವಿರ ಮಾತ್ರ. ಕಳುಹಿಸುವ ಸಮಯದಲ್ಲಿ ಚಾಲ್ತಿಯಲ್ಲಿರುವ ಅಧಿಸೂಚನೆ ಯಾವುದೆಂದು ಕಸ್ಟಮ್ಸ್ ಏಜೆಂಟರಿಂದ ತಿಳಿದುಕೊಂಡೇ ಮುಂದುವರಿಯಬೇಕು.

ಈ ರಿಯಾಯಿತಿಗೆ ಆಧಾರ, ಹೋದ ವಸ್ತುವೇ ಬಂದಿದೆಯೆಂದು ಅಧಿಕಾರಿಗೆ ಮನವರಿಕೆಯಾಗುವುದು, ಒಡೆತನವೂ ಬದಲಾಗಿರಬಾರದು. ಹಸ್ತಪ್ರತಿಯ ಸೂಚಿಯಲ್ಲಿ ಗರಿಗಳ ಸಂಖ್ಯೆ, ಅಳತೆ, ಪಂಕ್ತಿ, ಆದ್ಯಂತಗಳನ್ನು ದಾಖಲಿಸುವ ವಿದ್ವಾಂಸರಿಗೆ ಈ ಅನನ್ಯತೆಯ ಕಲ್ಪನೆ ಹೊಸದಲ್ಲ. ಕ್ಯಾಮೆರಾ, ಲೆನ್ಸು, ಸೆನ್ಸರಿನ ಹಿಂಭಾಗ, ಇವುಗಳ ತಯಾರಿಕಾ ಸಂಖ್ಯೆಗಳನ್ನು ಒಂದೊಂದಾಗಿ ಇನ್‌ವಾಯ್ಸಿನಲ್ಲಿಯೂ ಷಿಪ್ಪಿಂಗ್ ಬಿಲ್ಲಿನಲ್ಲಿಯೂ ಬರೆಯಿಸಿ, ಹೊರಹೋಗುವಾಗಲೇ ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯಿಂದ ಪರೀಕ್ಷೆ ಮಾಡಿಸಬೇಕು. 'ದುರಸ್ತಿಗಾಗಿ ಮಾತ್ರ, ಮಾರಾಟಕ್ಕಲ್ಲ, ದುರಸ್ತಿಯಾದ ಮೇಲೆ ಹಿಂದಿರುಗತಕ್ಕದ್ದು' ಎಂಬ ಒಕ್ಕಣೆ ಇರಲೇಬೇಕು. ಇಲ್ಲವಾದರೆ ಆ ದೇಶದಲ್ಲಿಯೂ ಆಮದು ಸುಂಕ ಬೀಳಬಹುದು. ಬೆಲೆಯನ್ನು ಸೊನ್ನೆಯೆಂದು ಬರೆಯುವುದು ಸಲ್ಲದು. ವಿಮೆಯವರು ನೋಡುವುದೂ ಆ ಅಂಕಿಯನ್ನೇ.

ತಯಾರಕರು ಕೆಲವೊಮ್ಮೆ ಔದಾರ್ಯದಿಂದ, ಕೆಟ್ಟದ್ದನ್ನು ಇಟ್ಟುಕೊಂಡು ಬೇರೊಂದನ್ನು ಕಳುಹಿಸುತ್ತಾರೆ. ಸಂಖ್ಯೆ ಬೇರೆಯಾದೊಡನೆ ಅದು ಬೇರೆಯ ವಸ್ತು. ರಿಯಾಯಿತಿ ತಪ್ಪಿ ಪೂರ್ಣ ಬೆಲೆಯ ಮೇಲೆ ಸುಂಕ ಬರುವ ಸಂಭವವಿದೆ. ಬದಲಿ ಬೇಡ, ಅಥವಾ ಅನಿವಾರ್ಯವಾದರೆ ಮೊದಲೇ ತಿಳಿಸಿ ಎಂದು ಬರೆದಿಡುವುದು ಲೇಸು.

ಕಟ್ಟುವ ಕ್ರಮದಲ್ಲಿ ಆದಾನ-ನಿಕ್ಷೇಪಣ ಸಮಿತಿಯನ್ನು ನೆನೆದರೆ ಅರ್ಧ ಕೆಲಸವಾದಂತೆ. ಲೆನ್ಸನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಎರಡಕ್ಕೂ ಮುಚ್ಚಳ ಹಾಕಬೇಕು. ಸಿಲಿಕಾ ಜೆಲ್ಲಿನೊಡನೆ ಗಾಳಿಯಾಡದ ಚೀಲದಲ್ಲಿರಿಸಿ, ಸುತ್ತಲೂ ಗಟ್ಟಿಯಾದ ಫೋಮ್ ಇಟ್ಟು, ಆ ಪೆಟ್ಟಿಗೆಯನ್ನು ಮತ್ತೊಂದು ಪೆಟ್ಟಿಗೆಯೊಳಗೆ ಇಡಬೇಕು. ಹುಲ್ಲು, ಹೊಟ್ಟು, ಹಳೆಯ ಬಟ್ಟೆ ಸಲ್ಲವು; ಅವು ತೇವವನ್ನೂ ಬೂಷ್ಟಿನ ಬೀಜವನ್ನೂ ಜೊತೆಗೊಯ್ಯುತ್ತವೆ. ಬ್ಯಾಟರಿಯನ್ನು ತೆಗೆದು ಇಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ. ಬಿಡಿಯಾದ ಲೀಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್ 1ರಿಂದ ನಿಷಿದ್ಧವಾಗಿದೆ. ಉಬ್ಬಿದ, ಕೆಟ್ಟ ಬ್ಯಾಟರಿಯನ್ನಂತೂ ವಿಮಾನದಲ್ಲಿ ಕಳುಹಿಸುವಂತೆಯೇ ಇಲ್ಲ. ಚಿತ್ರಗಳಿರುವ ಕಾರ್ಡನ್ನು ಮರೆಯದೆ ತೆಗೆಯಬೇಕು. ಅಪ್ರಕಟಿತ ಗ್ರಂಥದ ನೂರು ಗರಿಗಳು ಅದರಲ್ಲಿವೆ. ಮನೆಯವರು ಅನುಮತಿ ಕೊಟ್ಟದ್ದು ಚಿತ್ರಣಕ್ಕೆ, ದೇಶಾಂತರ ಸಂಚಾರಕ್ಕಲ್ಲ.

ಕಳುಹಿಸುವ ಮುನ್ನ, ಉಪಕರಣ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ, ಅಳತೆಪಟ್ಟಿ ಮತ್ತು ವರ್ಣಫಲಕಗಳ ಚಿತ್ರವೊಂದನ್ನು ತೆಗೆದಿಡಬೇಕು. ಪ್ರತಿ ದಿನದ ಚಿತ್ರಣದ ಆರಂಭದಲ್ಲಿಯೇ ಇದನ್ನು ತೆಗೆಯುವ ರೂಢಿಯಿದ್ದವರಿಗೆ ಕ್ಯಾಮೆರಾ ಹಠಾತ್ತನೆ ನಿಂತರೂ ಚಿಂತೆಯಿಲ್ಲ. ಉಡುಪಿಯಲ್ಲಿ ಒಂದೊಂದು ಗರಿಯನ್ನೂ ಎಂಟು-ಹತ್ತು ಭಾಗಗಳಾಗಿ ಚಿತ್ರಿಸಿ ಅನಂತರ ಜೋಡಿಸಿದರು. ಉದ್ದವಾದ ಓಲೆಗೆ ಬೇರೆ ಉಪಾಯವಿಲ್ಲ. ಲೆನ್ಸನ್ನು ಬಿಚ್ಚಿ ಕೂರಿಸಿದ ಬಳಿಕ ಅದರ ಕೇಂದ್ರ ಕೂದಲೆಳೆಯಷ್ಟು ಸರಿದಿದ್ದರೂ ಹಳೆಯ ಭಾಗಕ್ಕೂ ಹೊಸ ಭಾಗಕ್ಕೂ ಅಂಚು ಕೂಡುವುದಿಲ್ಲ. ಆದುದರಿಂದ ಒಂದು ಗರಿಯ ಅರ್ಧವನ್ನು ಮೊದಲು, ಉಳಿದರ್ಧವನ್ನು ದುರಸ್ತಿಯ ಅನಂತರ ಚಿತ್ರಿಸಬಾರದು. ಅರ್ಧವಾದ ಗರಿಯನ್ನು ಹೊಸದಾಗಿ ಆರಂಭಿಸಬೇಕು.

ಪೆಟ್ಟಿಗೆ ಹಿಂದಿರುಗಿದ ದಿನವೇ ಅದನ್ನು ತೆರೆಯುವ ಆತುರ ಸಹಜ. ವಿಮಾನದ ಶೀತದಿಂದ ಬಂದ ಗಾಜು ಹೊಳಲಿನ ಬಿಸಿಗಾಳಿಗೆ ತೆರೆದುಕೊಂಡೊಡನೆ ಬೆವರುತ್ತದೆ. ಒಳಗಿನ ಚೀಲವನ್ನು ಬಿಚ್ಚದೆ ಒಂದು ಹಗಲು-ರಾತ್ರಿ ಕೋಣೆಯಲ್ಲಿರಿಸಿ, ಅನಂತರ ಸಂಖ್ಯೆಗಳನ್ನು ಷಿಪ್ಪಿಂಗ್ ಬಿಲ್ಲಿನೊಡನೆ ತಾಳೆ ನೋಡಿ, ಅದೇ ಅಳತೆಪಟ್ಟಿ, ಅದೇ ವರ್ಣಫಲಕಗಳನ್ನು ಮತ್ತೆ ಚಿತ್ರಿಸಿ ಹಳೆಯ ಚಿತ್ರದೊಡನೆ ಹೋಲಿಸಬೇಕು. ಎರಡೂ ಹೊಂದಿದ ಮೇಲೆಯೇ ಮನೆಯವರ ಬಳಿಗೆ ಹೋಗಿ, ನೂರ ಒಂದನೆಯ ಗರಿಗಾಗಿ ಕಟ್ಟನ್ನು ಬಿಚ್ಚುವಂತೆ ಕೇಳತಕ್ಕದ್ದು.